ಕೆರೆಗೆ ಯಾವ ಟ್ಯಾಗ್? ತೀರ್ಮಾನಿಸುವವರು ಯಾರು?

ಪ್ರಶ್ನೆ: ನಾವು ತುಮಕೂರು ಜಿಲ್ಲೆಯ ಕೆಲವು ಗೆಳೆಯರು ನಮ್ಮ ತಾಲ್ಲೂಕಿನ ಕೆರೆಗಳನ್ನೆಲ್ಲ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ (ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಮುಕ್ತ ನಕ್ಷೆ) ಏರಿಸುತ್ತಿದ್ದೇವೆ. ಒಂದೇ ಥರದ ಕೆರೆಗೆ ಒಬ್ಬರು ‘ಲೇಕ್’ ಎಂದು ಟ್ಯಾಗ್ (ವಸ್ತು ಯಾವುದೆಂದು ಹೇಳುವ ಗುರುತುಚೀಟಿ) ಹಾಕುತ್ತಾರೆ, ಇನ್ನೊಬ್ಬರು ‘ರಿಸರ್ವಾಯರ್’, ಮತ್ತೊಬ್ಬರು ‘ಪಾಂಡ್’. ‘ವಾಟರ್=ಕೆರೆ’ ಅಂತ ನಮ್ಮದೇ ಟ್ಯಾಗ್ ಮಾಡಿಕೊಳ್ಳೋಣ ಎಂಬ ಮಾತೂ ಬಂದಿದೆ. ಹೋದ ಬೇಸಿಗೆಯಲ್ಲಿ ಯಾರೋ ‘ಇಲ್ಲಿ ನೀರಿಲ್ಲ’ ಎಂದು ಬರೆದು ಒಂದು ಕೆರೆಯನ್ನು ಅಳಿಸಿಯೇಬಿಟ್ಟರು. ಇದನ್ನೆಲ್ಲ ತೀರ್ಮಾನಿಸುವವರು ಯಾರು? ಟ್ಯಾಗ್‌ಗಳನ್ನು ವಿವರಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ವಿಕಿಯಲ್ಲಿ ವೋಟಿಗೆ ಹಾಕಿದರೆ ಮುಗಿಯುತ್ತದೆಯೇ? ಒಂದು ಒಪ್ಪಂದಕ್ಕೆ ಬಂದ ಮೇಲೆ ಹಳೆಯದನ್ನೆಲ್ಲ ಒಂದೇ ಸಲಕ್ಕೆ ಬದಲಾಯಿಸಬಹುದೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಏರಿ ಕಟ್ಟಿ ನೀರು ನಿಲ್ಲಿಸಿದ ನಮ್ಮ ಬಯಲುಸೀಮೆಯ ಕೆರೆಗೆ ‘ನ್ಯಾಚುರಲ್=ವಾಟರ್’, ಅದರ ಜೊತೆಗೆ ‘ವಾಟರ್=ರಿಸರ್ವಾಯರ್’ ಹಾಕಿ. ಮಳೆಗಾಲಕ್ಕೆ ತುಂಬಿ ಬೇಸಿಗೆಗೆ ಒಣಗುವ ಕೆರೆಯಾದರೆ ‘ಇಂಟರ್‌ಮಿಟೆಂಟ್=ಯೆಸ್’, ‘ಸೀಸನಲ್=ವೆಟ್_ಸೀಸನ್’ ಎರಡನ್ನೂ ಸೇರಿಸಿ. ‘ವಾಟರ್=ಕೆರೆ’ ಬೇಡ. ವೋಟಿನಿಂದ ಯಾವುದೂ ಮುಗಿಯುವುದಿಲ್ಲ. ಹಳೆಯದನ್ನೆಲ್ಲ ಒಂದೇ ಏಟಿಗೆ ಬದಲಾಯಿಸಲು ಹೋಗಬೇಡಿ. (ಟ್ಯಾಗ್‌ಗಳನ್ನು ಟೈಪ್ ಮಾಡಬೇಕಾದದ್ದು ಇಂಗ್ಲಿಷ್ ಅಕ್ಷರಗಳಲ್ಲೇ, ಓದಲು ಅನುಕೂಲವಾಗಲೆಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಈಗ ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗೆ ಬರೋಣ. ಇಂಥವರು ಅಂತ ಯಾರೂ ಇಲ್ಲ. 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಈ ನಕ್ಷೆಯನ್ನು ಶುರುಮಾಡಿದಾಗ ಯಾವ ವಸ್ತುವಿಗೆ ಯಾವ ಹೆಸರು ಎಂಬ ಪಟ್ಟಿಯನ್ನು ಮೊದಲೇ ಸಿದ್ಧಮಾಡಿ ಹಂಚಲಿಲ್ಲ. ಒಂದು ಬಿಂದು, ಒಂದು ಗೆರೆ, ಇವುಗಳನ್ನು ಕೂಡಿಸುವ ಒಂದು ಸಂಬಂಧ. ಇವಕ್ಕೆ ಅಂಟಿಸಲು ಒಂದು ಕೀ, ಒಂದು ವ್ಯಾಲ್ಯೂ (‘=’ ಚಿಹ್ನೆಯ ಎಡಕ್ಕಿರುವುದು ಕೀ, ಬಲಕ್ಕಿರುವುದು ವ್ಯಾಲ್ಯೂ). ಎರಡೂ ತಲಾ 255 ಅಕ್ಷರ ಮೀರಬಾರದು. ತಂತ್ರಾಂಶದ ಮಟ್ಟದಲ್ಲಿ ಇರುವ ನಿಯಮ ಹೆಚ್ಚುಕಡಿಮೆ ಇಷ್ಟೇ. ನೀವು ‘ವಾಟರ್=ಕೆರೆ’ ಎಂದು ಬರೆದರೂ ಸರ್ವರ್ ತಕರಾರಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ಆಫ್ರಿಕಾದ ಹಳ್ಳಿಯ ಕುಡಿಯುವ ನೀರಿನ ಕಿಯಾಸ್ಕ್ ಆಗಲಿ, ಜಪಾನಿನ ರಸ್ತೆಬದಿಯ ವೆಂಡಿಂಗ್ ಮಷೀನ್ ಆಗಲಿ ನಕ್ಷೆಗೆ ಬರಲು ಲಂಡನ್ನಿನಲ್ಲಿ ಕೂತ ಸಮಿತಿಯ ಅಪ್ಪಣೆ ಬೇಕಾಗಲಿಲ್ಲ. ಈ ಯೋಜನೆ ಇಷ್ಟು ಬೆಳೆದದ್ದಕ್ಕೆ ಆ ಸ್ವಾತಂತ್ರ್ಯವೇ ಮುಖ್ಯ ಕಾರಣ ಎಂದು ನಾನು ನಂಬುತ್ತೇನೆ.

ಆದರೆ ಅಪ್ಪಣೆ ಬೇಡ ಎಂದ ಮಾತ್ರಕ್ಕೆ ಬರೆದದ್ದೆಲ್ಲ ಬಳಕೆಗೆ ಬರುತ್ತದೆ ಎಂದಲ್ಲ. ಒಂದು ಟ್ಯಾಗ್ ನಿಲ್ಲುವುದೋ ಬೀಳುವುದೋ ಎಂಬುದು ನಾಲ್ಕು ಕಡೆಯ ಎಳೆತದಿಂದ ನಿರ್ಧಾರವಾಗುತ್ತದೆ. ವಿಕಿಯಲ್ಲಿ ಅದರ ಬಗ್ಗೆ ಏನು ಬರೆದಿದೆ ಎಂಬುದು ಒಂದು. ಮ್ಯಾಪರ್‌ಗಳು ನಿಜವಾಗಿ ಎಷ್ಟು ಬಳಸಿದ್ದಾರೆ ಎಂಬುದು ಇನ್ನೊಂದು. ಟ್ಯಾಗ್‌ಇನ್ಫೋ ಎಂಬ ತಾಣ ಇದನ್ನು ಎಣಿಸಿ ತೋರಿಸುತ್ತದೆ. ಐಡಿ, ಜೋಸಮ್, ಸ್ಟ್ರೀಟ್‌ಕಂಪ್ಲೀಟ್‌ನಂಥ, ನಕ್ಷೆ ತಿದ್ದುವ ಎಡಿಟರ್‌ಗಳ ಮೆನುವಿನಲ್ಲಿ ಅದು ಸಿಗುತ್ತದೆಯೇ ಎಂಬುದು ಮೂರನೆಯದು. ನಕ್ಷೆ ಬಿಡಿಸುವ, ದಾರಿ ಹುಡುಕುವ, ಅಂಕಿಅಂಶ ತೆಗೆಯುವ ತಂತ್ರಾಂಶಗಳು ಅದನ್ನು ಓದುತ್ತವೆಯೇ ಎಂಬುದು ನಾಲ್ಕನೆಯದು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಬಲವಾದದ್ದು ಮೂರನೆಯದು. ಹೊಸದಾಗಿ ಸೇರಿದವರು ವಿಕಿ ಓದುವುದಿಲ್ಲ. ಐಡಿ ಎಡಿಟರ್‌ನಲ್ಲಿ ಆಕಾರ ಬಿಡಿಸಿ, ಪಕ್ಕದ ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಒತ್ತುತ್ತಾರೆ. ನಿಮ್ಮ ಗುಂಪಿನಲ್ಲಿ ‘ಲೇಕ್’ ಎಂದು ಹಾಕಿದವರೂ ಬಹುಶಃ ಹಾಗೆಯೇ ಮಾಡಿರುತ್ತಾರೆ. ಅವರದು ತಪ್ಪು ನಂಬಿಕೆಯಲ್ಲ, ಮೆನುವಿನ ಮೊದಲ ಆಯ್ಕೆ. ಇದನ್ನು ಅರಿತುಕೊಂಡು ಮಾತಾಡಿದರೆ ಅರ್ಧ ಜಗಳ ಅಲ್ಲೇ ಇಳಿಯುತ್ತದೆ.

ವೋಟಿನ ವಿಷಯ. ಹೊಸ ಟ್ಯಾಗ್ ಪ್ರಸ್ತಾಪಿಸುವವರು ವಿಕಿಯಲ್ಲಿ ಪುಟ ಬರೆಯುತ್ತಾರೆ, ಕನಿಷ್ಠ ಎರಡು ವಾರ ಚರ್ಚೆಗೆ ಬಿಡುತ್ತಾರೆ, ಆಮೇಲೆ ಕನಿಷ್ಠ ಎರಡು ವಾರ ಮತದಾನ. ಹತ್ತು ಮತ ಬಿದ್ದು ಅದರಲ್ಲಿ ಮುಕ್ಕಾಲು ಪಾಲು ಒಪ್ಪಿಗೆ ಬಂದರೂ ಅದು ‘ಅಪ್ರೂವ್ಡ್’. ಖಾತೆ ತೆರೆದವರ ಸಂಖ್ಯೆ ಒಂದು ಕೋಟಿ ದಾಟಿರುವ ಯೋಜನೆಯಲ್ಲಿ ಹತ್ತಾರು ಜನ ಹಾಕಿದ ಮತ ಎಲ್ಲರನ್ನೂ ಕಟ್ಟಿಹಾಕಲು ಸಾಧ್ಯವೇ? ಸಾಧ್ಯವಿಲ್ಲ, ಹಾಗೆಂದು ಯಾರೂ ಹೇಳುವುದೂ ಇಲ್ಲ. ಮತದಾನದ ನಿಜವಾದ ಬೆಲೆ ಅದಕ್ಕೆ ಮುಂಚಿನ ಎರಡು ವಾರಗಳಲ್ಲಿದೆ. ‘ಫಿನ್ಲೆಂಡಿನಲ್ಲಿ ಇದು ಹೀಗಿಲ್ಲ’, ‘ಈ ಪದ ಅಮೆರಿಕದಲ್ಲಿ ಬೇರೆ ವಸ್ತುವಿಗೆ ಹೋಗುತ್ತದೆ’ ಎಂದು ಯಾರಾದರೂ ಎತ್ತಿ ತೋರಿಸುವುದು ಆಗಲೇ. ಚೆಂಡಾಟದ ಮೈದಾನವನ್ನು ‘ಸ್ಪೋರ್ಟ್=ಫುಟ್‌ಬಾಲ್’ ಎಂದು ಬರೆಯಬೇಡಿ ಎಂಬ ರೂಢಿ ಬಂದದ್ದು ಇಂಥ ಕಾರಣಕ್ಕೇ; ಒಂದೊಂದು ದೇಶದಲ್ಲಿ ಒಂದೊಂದು ಆಟ. ಈಗ ಬ್ರಿಟನ್ನಿನಲ್ಲೂ ‘ಸಾಕರ್’ ಎಂದೇ ಬರೆಯುತ್ತಾರೆ.

ನಿಮ್ಮ ವಿಷಯಕ್ಕೆ ತೀರ ಹತ್ತಿರದ ಇತಿಹಾಸವೊಂದಿದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಆರಂಭದ ವರ್ಷಗಳಲ್ಲಿ ನದಿಯ ಅಗಲವನ್ನು ತೋರಿಸಲು ‘ವಾಟರ್‌ವೇ=ರಿವರ್‌ಬ್ಯಾಂಕ್’, ಜಲಾಶಯಕ್ಕೆ ‘ಲ್ಯಾಂಡ್‌ಯೂಸ್=ರಿಸರ್ವಾಯರ್’, ಸರೋವರಕ್ಕೆ ‘ನ್ಯಾಚುರಲ್=ವಾಟರ್’ ಎಂಬ ಪದ್ಧತಿ ಇತ್ತು. ನೀರು ಒಂದೇ, ಟ್ಯಾಗ್ ಮೂರು ಮನೆಯಲ್ಲಿ. ನೀಲಿ ಬಣ್ಣ ಬಳಿಯಲು ಹೊರಟ ಪ್ರತಿ ತಂತ್ರಾಂಶವೂ ಮೂರು ಕಡೆ ಹುಡುಕಬೇಕು. ಒಂದನ್ನು ಮರೆತರೆ ಇಡೀ ಜಲಾಶಯವೇ ನಕ್ಷೆಯಿಂದ ಮಾಯ. 2011ರಲ್ಲಿ ಒಂದು ಪ್ರಸ್ತಾವ ಬಂತು: ನೀರು ನಿಂತ ಜಾಗಕ್ಕೆಲ್ಲ ‘ನ್ಯಾಚುರಲ್=ವಾಟರ್’ ಎಂಬ ಒಂದೇ ಮುಖ್ಯ ಟ್ಯಾಗ್ ಇರಲಿ, ಅದು ನದಿಯೋ ಜಲಾಶಯವೋ ಹೊಂಡವೋ ಎಂಬುದನ್ನು ‘ವಾಟರ್’ ಎಂಬ ಎರಡನೇ ಟ್ಯಾಗ್ ಹೇಳಲಿ. ಮತದಾನದಲ್ಲಿ ಗೆದ್ದಿತು.

ಗೆದ್ದ ಮೇಲೆ ಏನಾಯಿತು ಎಂಬುದೇ ಇಲ್ಲಿ ಮುಖ್ಯ. ಹಳೆಯ ಟ್ಯಾಗ್‌ಗಳು ಮರುದಿನ ಸಾಯಲಿಲ್ಲ. ವರ್ಷಗಟ್ಟಲೆ ಎರಡು ಪದ್ಧತಿಗಳೂ ಅಕ್ಕಪಕ್ಕದಲ್ಲಿ ಬದುಕಿದವು. ‘ರಿವರ್‌ಬ್ಯಾಂಕ್’ ನಿಜವಾಗಿ ಕರಗತೊಡಗಿದ್ದು ಎಡಿಟರ್‌ಗಳು ತಮ್ಮ ಮೆನುವನ್ನು ಬದಲಾಯಿಸಿ, ಹಳೆಯದು ಕಂಡಾಗ ‘ಇದನ್ನು ಹೊಸದಕ್ಕೆ ಬದಲಾಯಿಸಲೇ?’ ಎಂದು ಕೇಳಲು ಶುರುಮಾಡಿದ ಮೇಲೆ. ‘ಲ್ಯಾಂಡ್‌ಯೂಸ್=ರಿಸರ್ವಾಯರ್’ ಅಷ್ಟು ಸುಲಭವಾಗಿ ಜಾಗ ಬಿಡಲಿಲ್ಲ. ಜಲಾಶಯ ಮನುಷ್ಯರು ಭೂಮಿಯನ್ನು ಬಳಸಿದ ರೀತಿ, ಅದನ್ನು ‘ನ್ಯಾಚುರಲ್’ ಎಂದು ಕರೆಯುವುದು ಸುಳ್ಳು ಎಂಬುದು ಒಂದು ಪಕ್ಷ. ಕೀ ಎಂಬುದು ಬರೀ ಸಂಕೇತ, ಅದರ ನಿಘಂಟಿನ ಅರ್ಥವನ್ನು ಹಿಡಿದು ಜಗ್ಗಬೇಡಿ ಎಂಬುದು ಇನ್ನೊಂದು ಪಕ್ಷ. ಎರಡೂ ಟ್ಯಾಗ್ ಇವತ್ತಿಗೂ ಡೇಟಾದಲ್ಲಿವೆ, ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮುಖಪುಟದ ನಕ್ಷೆ ಎರಡನ್ನೂ ನೀರಾಗಿಯೇ ಬಿಡಿಸುತ್ತದೆ. ನಾನು ಎರಡನೇ ಪಕ್ಷದವನು. ನಮ್ಮ ಕೆರೆಯನ್ನು ಕಟ್ಟಿದ್ದು ಮನುಷ್ಯರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಂಗತಿಯನ್ನು ‘ರಿಸರ್ವಾಯರ್’ ಎಂಬ ವ್ಯಾಲ್ಯೂ ಹೇಳಿಯಾಗಿದೆ. ಮುಖ್ಯ ಟ್ಯಾಗ್ ಮಾಡಬೇಕಾದ ಕೆಲಸ ಒಂದೇ: ಇಲ್ಲಿ ನೀರಿದೆ ಎಂದು ಜಗತ್ತಿನ ಯಾವ ಮೂಲೆಯ ತಂತ್ರಾಂಶಕ್ಕೂ ತಿಳಿಯುವಂತೆ ಸಾರುವುದು.

‘ವಾಟರ್=ಕೆರೆ’ ಬೇಡ ಎಂದದ್ದೂ ಇದೇ ಕಾರಣಕ್ಕೆ. ಆ ಪ್ರಸ್ತಾಪದ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಕೆರೆ ಯುರೋಪಿನ ಲೇಕ್ ಅಲ್ಲ, ದೊಡ್ಡ ಅಣೆಕಟ್ಟಿನ ಹಿಂದಿನ ಜಲಾಶಯವೂ ಅಲ್ಲ. ಆದರೆ ಜಲವಿಜ್ಞಾನದ ವಿದ್ಯಾರ್ಥಿಯೊಬ್ಬ ನಾಳೆ ಭಾರತದ ಸಣ್ಣ ಜಲಾಶಯಗಳನ್ನೆಲ್ಲ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತೆಗೆಯಲು ಹೊರಟರೆ ‘ರಿಸರ್ವಾಯರ್’ ಎಂದು ಕೇಳುತ್ತಾನೆ. ಕನ್ನಡದಲ್ಲಿ ಕೆರೆ, ತಮಿಳಿನಲ್ಲಿ ಏರಿ, ತೆಲುಗಿನಲ್ಲಿ ಚೆರುವು ಎಂದು ರಾಜ್ಯಕ್ಕೊಂದು ವ್ಯಾಲ್ಯೂ ಮಾಡಿಕೊಂಡರೆ ಮೂರೂ ಅವನಿಗೆ ಸಿಗುವುದಿಲ್ಲ, ಮತ್ತು ಮೂರೂ ರಚನೆಯಲ್ಲಿ ಒಂದೇ. ಕೆರೆಯ ವಿಶೇಷ ಉಳಿಯಬೇಕೆಂದರೆ ಅದನ್ನು ಕೆರೆಯ ಅಂಗಗಳಲ್ಲಿ ಉಳಿಸಿ. ಜಗತ್ತಿಗೆ ತಿಳಿದ ಟ್ಯಾಗ್‌ಗಳು ಅದಕ್ಕೆ ಸಾಕಷ್ಟಿವೆ.

ಏರಿಯಿಂದ ಶುರುಮಾಡಿ. ಬಹಳ ಮಂದಿ ಅದನ್ನು ‘ಮ್ಯಾನ್_ಮೇಡ್=ಡೈಕ್’ ಎಂದು ಹಾಕುತ್ತಾರೆ. ಡೈಕ್ ಹೊಳೆಯ ಅಥವಾ ಕಡಲಿನ ದಂಡೆಗುಂಟ ಸಾಗಿ ನೀರು ಹೊರಗೆ ನುಗ್ಗದಂತೆ ತಡೆಯುವುದು. ನಮ್ಮ ಏರಿ ಕಣಿವೆಗೆ ಅಡ್ಡವಾಗಿ ನಿಂತು ಹರಿವನ್ನು ಹಿಡಿದಿಡುತ್ತದೆ. ಅದು ‘ವಾಟರ್‌ವೇ=ಡ್ಯಾಮ್’. ಏರಿ ಮೇಲೆ ರಸ್ತೆ ಹೋಗಿದ್ದರೆ ರಸ್ತೆಯ ಗೆರೆ ಬೇರೆ, ಏರಿಯ ಗೆರೆ ಬೇರೆ. ಎರಡನ್ನೂ ಒಂದೇ ಗೆರೆಗೆ ತುರುಕಬೇಡಿ. ಕೋಡಿ ಬೀಳುವ ಕಟ್ಟೆಗೆ ‘ವಾಟರ್‌ವೇ=ವಿಯರ್’. ತೂಬಿಗೆ ‘ವಾಟರ್‌ವೇ=ಸ್ಲೂಸ್_ಗೇಟ್’. ತೂಬಿನಿಂದ ಅಚ್ಚುಕಟ್ಟಿಗೆ ಹೋಗುವ ಕಾಲುವೆಗೆ ‘ವಾಟರ್‌ವೇ=ಕೆನಾಲ್’, ಜೊತೆಗೆ ‘ಯೂಸೇಜ್=ಇರಿಗೇಷನ್’. ಮುಖ್ಯವಾಗಿ, ಹರಿವಿನ ಗೆರೆಯನ್ನು ನೀರು ಹರಿಯುವ ದಿಕ್ಕಿಗೇ ಎಳೆಯಬೇಕು. ಮೇಲಿನ ಕೆರೆಯ ಕೋಡಿಯಿಂದ ಹಳ್ಳ, ಹಳ್ಳದಿಂದ ಕೆಳಗಿನ ಕೆರೆ, ಅದರ ಕೋಡಿಯಿಂದ ಮತ್ತೆ ಹಳ್ಳ ಎಂದು ಗೆರೆಗಳು ತುಂಡಾಗದೆ ಕೂಡಿಕೊಂಡಿದ್ದರೆ ಸರಣಿ ಕೆರೆಗಳ ಇಡೀ ಜಾಲವನ್ನು ಕಂಪ್ಯೂಟರ್ ತಾನೇ ಓದಿ ಹೇಳುತ್ತದೆ: ಯಾವ ಕೆರೆ ತುಂಬಿದರೆ ಯಾವ ಕೆರೆಗೆ ನೀರು, ಎಲ್ಲಿ ಕಾಲುವೆ ಮುಚ್ಚಿಹೋಗಿದೆ. ‘ಲೇಕ್’ ಸರಿಯೋ ‘ರಿಸರ್ವಾಯರ್’ ಸರಿಯೋ ಎಂದು ವಾದಿಸುವ ಸಂಜೆಯಲ್ಲಿ ಹತ್ತು ಕೋಡಿಗಳನ್ನು ಸರಿಯಾಗಿ ಕೂಡಿಸಬಹುದು. ನಾನಾದರೆ ಸಂಜೆಯನ್ನು ಅದಕ್ಕೇ ಕೊಡುತ್ತೇನೆ.

ರಾಜಕಾಲುವೆಯ ವಿಷಯದಲ್ಲಿ ನಿಮ್ಮಲ್ಲೂ ಜಗಳ ಬಂದೇ ಬರುತ್ತದೆ, ಬೆಂಗಳೂರಿನ ಮ್ಯಾಪರ್‌ಗಳಿಗೆ ಅದು ಹಳೆಯ ಪರಿಚಯ. ಮೂಲದಲ್ಲಿ ಅದು ಕಣಿವೆಯ ಸಹಜ ಹಳ್ಳ, ಆದ್ದರಿಂದ ‘ಸ್ಟ್ರೀಮ್’ ಎನ್ನುವವರಿದ್ದಾರೆ. ಈಗ ಎರಡೂ ಬದಿ ಕಾಂಕ್ರೀಟ್ ಗೋಡೆ, ಒಳಗೆ ಚರಂಡಿ ನೀರು, ಆದ್ದರಿಂದ ‘ಡ್ರೇನ್’ ಎನ್ನುವವರಿದ್ದಾರೆ. ಇಲ್ಲಿ ನೆರವಿಗೆ ಬರುವುದು ಈ ಯೋಜನೆಯ ಹಳೆಯ ಕಟ್ಟಳೆ: ಈಗ, ಸ್ಥಳದಲ್ಲಿ, ಕಣ್ಣಿಗೆ ಏನು ಕಾಣುತ್ತದೋ ಅದನ್ನು ಬರೆ. ಕಾಂಕ್ರೀಟ್ ಕಟ್ಟಿದ ತುಂಡು ‘ಡ್ರೇನ್’, ಹೊಲಗಳ ನಡುವೆ ಹೊಂಗೆಮರದ ನೆರಳಲ್ಲಿ ಹರಿಯುವ ತುಂಡು ‘ಸ್ಟ್ರೀಮ್’. ಒಂದೇ ರಾಜಕಾಲುವೆಯಲ್ಲಿ ಎರಡೂ ಬರಬಹುದು. ಗೆರೆಯನ್ನು ಆ ಜಾಗದಲ್ಲಿ ಕತ್ತರಿಸಿ, ಟ್ಯಾಗ್ ಬದಲಾಯಿಸಿ, ಹೆಸರು ಎರಡಕ್ಕೂ ಒಂದೇ ಇರಲಿ.

ನಿಮ್ಮ ಮೂಲ ಜಗಳಕ್ಕೂ ಇದೇ ಅಳತೆಗೋಲು. ಯಾವುದು ರಿಸರ್ವಾಯರ್, ಯಾವುದು ಪಾಂಡ್? ಸಣ್ಣ ನೀರಾವರಿ ಇಲಾಖೆಯ ಲೆಕ್ಕ ಅಚ್ಚುಕಟ್ಟಿನ ಮೇಲಿದೆ: 40 ಹೆಕ್ಟೇರಿಗಿಂತ ಹೆಚ್ಚು, 2000 ಹೆಕ್ಟೇರ್‌ವರೆಗೆ ಅಚ್ಚುಕಟ್ಟು ಇರುವ ಕೆರೆ ಅವರದು, ಅದಕ್ಕಿಂತ ಸಣ್ಣದು ಪಂಚಾಯತ್‌ಗಳ ಪಾಲಿಗೆ. ಆಡಳಿತಕ್ಕೆ ಇದು ಸರಿ. ಆದರೆ ಏರಿ ಮೇಲೆ ನಿಂತ ಮ್ಯಾಪರ್‌ಗೆ ಅಚ್ಚುಕಟ್ಟು ಎಷ್ಟು ಹೆಕ್ಟೇರ್ ಎಂದು ಕಾಣುವುದಿಲ್ಲ. ಕಾಣದ ಸಂಗತಿಯ ಮೇಲೆ ಟ್ಯಾಗ್ ನಿಲ್ಲಿಸಿದರೆ ಮುಂದೆ ಬರುವವರು ಅದನ್ನು ಪರೀಕ್ಷಿಸಲಾರರು, ಪರೀಕ್ಷಿಸಲಾಗದ್ದು ಬೇಗ ಕೆಡುತ್ತದೆ. ನಾನು ಸೂಚಿಸುವ ಗುರುತು ಸರಳ: ಏರಿ ಇದ್ದು, ಕೋಡಿಯೋ ತೂಬೋ ಇದ್ದರೆ ‘ರಿಸರ್ವಾಯರ್’. ನೆಲ ಅಗೆದು ಮಾಡಿದ ಗೋಕಟ್ಟೆ, ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ, ಇಟ್ಟಿಗೆ ಗೂಡಿನ ಪಕ್ಕದ ನೀರು ತುಂಬಿದ ಗುಂಡಿ ಇವೆಲ್ಲ ‘ಪಾಂಡ್’. ಯಾರೂ ಕಟ್ಟದೆ ತಾನಾಗಿ ನಿಂತ ನೀರು ಸಿಕ್ಕಿದರೆ ‘ಲೇಕ್’. ನಿಮ್ಮ ತಾಲ್ಲೂಕಿನಲ್ಲಿ ಅದು ಸಿಗುವುದು ಅಪರೂಪ. ಇಲಾಖೆಯ ಫಲಕ ಏರಿ ಮೇಲೆ ಇದ್ದರೆ ಅದನ್ನು ‘ಆಪರೇಟರ್’ ಎಂಬ ಕೀಗೆ ಬರೆಯಿರಿ. ಗಾತ್ರದ ಬಗ್ಗೆ ಜಗಳವೇ ಬೇಡ, ಆಕಾರ ಬಿಡಿಸಿದ್ದೀರಲ್ಲ, ಅದರಿಂದ ವಿಸ್ತೀರ್ಣ ತಾನೇ ಬರುತ್ತದೆ.

ಆಕಾರವನ್ನು ಎಲ್ಲಿಯವರೆಗೆ ಬಿಡಿಸುವುದು ಎಂಬುದು ಮಾತ್ರ ನಿಜಕ್ಕೂ ಕಷ್ಟದ ಪ್ರಶ್ನೆ. ಉಪಗ್ರಹ ಚಿತ್ರ ಏಪ್ರಿಲ್ ತಿಂಗಳದ್ದಾದರೆ ಏರಿಯ ಬುಡದಲ್ಲಿ ಒಂದು ಪಟ್ಟಿ ನೀರು, ಉಳಿದದ್ದೆಲ್ಲ ಬಿರುಕುಬಿಟ್ಟ ಅಂಗಳ. ನವೆಂಬರ್ ತಿಂಗಳದ್ದಾದರೆ ಹಿನ್ನೀರು ತೋಟದ ಬೇಲಿ ಮುಟ್ಟಿರುತ್ತದೆ. ಕೆಲವು ಕೆರೆಗಳಲ್ಲಿ ಅಂತರಗಂಗೆ ಹಬ್ಬಿ, ಮೇಲಿಂದ ನೋಡಿದರೆ ಹಸಿರು ಹುಲ್ಲುಗಾವಲಿನಂತೆ ಕಾಣುತ್ತದೆ. ಅದನ್ನು ನಂಬಿ ‘ಗ್ರಾಸ್’ ಎಂದು ಹಾಕಿದವರನ್ನು ನಾನು ನೋಡಿದ್ದೇನೆ. ನನ್ನ ಸಲಹೆ: ತುಂಬಿದಾಗ ನೀರು ತಲುಪುವ ಅಂಚಿಗೆ ಹೊರಗೆರೆ ಎಳೆಯಿರಿ. ಆ ಅಂಚು ಸ್ಥಳದಲ್ಲಿ ಗುರುತು ಸಿಗುತ್ತದೆ: ಜಾಲಿಗಿಡಗಳ ಸಾಲು ಎಲ್ಲಿ ನಿಲ್ಲುತ್ತದೆ, ಮಣ್ಣಿನ ಬಣ್ಣ ಎಲ್ಲಿ ಬದಲಾಗುತ್ತದೆ ನೋಡಿ. ಅದಕ್ಕೆ ‘ಇಂಟರ್‌ಮಿಟೆಂಟ್’ ಸೇರಿಸಿ. ಬೇಸಿಗೆಯಲ್ಲೂ ಬತ್ತದ ಭಾಗ ಸ್ಪಷ್ಟವಾಗಿದ್ದರೆ ಅದನ್ನು ಒಳಗೆ ಬೇರೆ ಆಕಾರವಾಗಿ ಬಿಡಿಸಬಹುದು. ಒಂದು ಎಚ್ಚರಿಕೆ: ಈ ಗೆರೆ ಕೆರೆಯ ಕಾನೂನಿನ ಗಡಿಯಲ್ಲ. ಒತ್ತುವರಿಯ ವಾದಕ್ಕೆ ಇದನ್ನು ಸಾಕ್ಷಿಯಾಗಿ ಎತ್ತಿಹಿಡಿಯಬೇಡಿ, ಅದಕ್ಕೆ ಭೂದಾಖಲೆಯ ಸರ್ವೆ ನಕ್ಷೆಯೇ ಬೇಕು. ಹಾಗೆಯೇ ಜಮೀನಿನ ಸರ್ವೆ ನಂಬರ್ ತೋರಿಸುವ ಸರ್ಕಾರಿ ದಿಶಾಂಕ್ ಆ್ಯಪ್‌ನ ಗಡಿಯನ್ನಾಗಲಿ, ಗೂಗಲ್ ನಕ್ಷೆಯ ಹೆಸರನ್ನಾಗಲಿ ನೋಡಿಕೊಂಡು ಇಲ್ಲಿಗೆ ನಕಲು ಮಾಡಬೇಡಿ. 2012ರಿಂದ ಈ ಡೇಟಾ ಮುಕ್ತ ಡೇಟಾಬೇಸ್ ಪರವಾನಗಿಯಲ್ಲಿದೆ; ಅದಕ್ಕೆ ಹೊಂದುವ ಅನುಮತಿ ಸ್ಪಷ್ಟವಾಗಿ ಇಲ್ಲದ ಮೂಲದಿಂದ ತಂದದ್ದು ಒಂದು ದಿನ ಅಳಿಸಿಹೋಗುತ್ತದೆ, ಅದರ ಮೇಲೆ ನೀವು ಮಾಡಿದ ಕೆಲಸವೂ ಜೊತೆಗೆ.

ಟ್ಯಾಗ್ ಒಮ್ಮೆ ಸರಿಯಾದರೆ ಸದಾ ಸರಿ ಎಂದೂ ಇಲ್ಲ. ಕೋಲಾರದ ಕೆರೆಗಳನ್ನು ನೋಡಿ. ದಶಕಗಳ ಕಾಲ ಬಹುಪಾಲು ಒಣಗಿ ನಿಂತಿದ್ದವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಅಲ್ಲಿಗೆ ಬರತೊಡಗಿದ ಮೇಲೆ ಆ ಸರಣಿಯ ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರು ಕಂಡಿತು. ಅಂಥಲ್ಲಿ ‘ಇಂಟರ್‌ಮಿಟೆಂಟ್’ ತೆಗೆಯುವುದೇ ಸರಿ. ನೋಡಿ ಬಂದ ದಿನಾಂಕವನ್ನು ‘ಚೆಕ್_ಡೇಟ್’ ಎಂಬ ಕೀಯಲ್ಲಿ ಹಾಕಿದರೆ ಐದು ವರ್ಷದ ನಂತರ ಬರುವವರಿಗೆ ಈ ಮಾಹಿತಿ ಎಷ್ಟು ಹಳೆಯದು ಎಂದು ತಿಳಿಯುತ್ತದೆ.

ಸ್ಥಳೀಯ ಒಪ್ಪಂದಕ್ಕೆ ಬೆಲೆಯೇ ಇಲ್ಲ ಎಂಬ ಅರ್ಥ ಬರುವುದು ಬೇಡ. ರಸ್ತೆಗಳ ವಿಷಯದಲ್ಲಿ ಅದೇ ನಡೆದಿದೆ. ‘ಟ್ರಂಕ್’, ‘ಪ್ರೈಮರಿ’, ‘ಅನ್‌ಕ್ಲಾಸಿಫೈಡ್’ ಎಲ್ಲವೂ ಬ್ರಿಟಿಷ್ ರಸ್ತೆಗಳ ವರ್ಗೀಕರಣದಿಂದ ಬಂದದ್ದು. ರಾಷ್ಟ್ರೀಯ ಹೆದ್ದಾರಿಗೆ ‘ಟ್ರಂಕ್’, ರಾಜ್ಯ ಹೆದ್ದಾರಿಗೆ ‘ಪ್ರೈಮರಿ’, ಜಿಲ್ಲಾ ಮುಖ್ಯರಸ್ತೆಗೆ ‘ಸೆಕೆಂಡರಿ’ ಎಂದು ಭಾರತದ ಮ್ಯಾಪರ್‌ಗಳು ತಮ್ಮಲ್ಲಿ ಹೊಂದಾಣಿಕೆ ಮಾಡಿಕೊಂಡರು. ವ್ಯಾಲ್ಯೂ ಜಗತ್ತಿನದು, ಅದನ್ನು ಇಲ್ಲಿ ಯಾವುದಕ್ಕೆ ಹಾಕಬೇಕು ಎಂಬ ತೀರ್ಮಾನ ಇಲ್ಲಿಯದು. ಆ ಒಪ್ಪಂದವೂ ಎಲ್ಲ ಕಡೆ ಸಲೀಸಾಗಿಲ್ಲ: ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಕಾಗದದಲ್ಲಿ ರಾಷ್ಟ್ರೀಯ ಹೆದ್ದಾರಿ 275, ಆದರೆ 2023ರ ಆಗಸ್ಟ್‌ನಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೊ, ಟ್ರ್ಯಾಕ್ಟರ್ ಹೋಗುವಂತಿಲ್ಲ, ಪಕ್ಕದ ಸರ್ವಿಸ್ ರಸ್ತೆಗೆ ಹೋಗಬಹುದು. ಇಂಥಲ್ಲಿ ವರ್ಗದ ಜಗಳ ಎಷ್ಟು ದಿನ ನಡೆದರೂ ಪರವಾಗಿಲ್ಲ, ‘ಮೋಟರ್‌ಸೈಕಲ್=ನೋ’ ಎಂಬುದನ್ನು ಮಾತ್ರ ಮೊದಲು ಹಾಕಿಬಿಡಿ; ಬೈಕಿನವರಿಗೆ ದಾರಿ ತೋರಿಸುವ ಆ್ಯಪ್ ಅದನ್ನೇ ಓದುತ್ತದೆ. ಊಟದ ಹೋಟೆಲನ್ನು ಹೆಸರು ನೋಡಿ ‘ಟೂರಿಸಂ=ಹೋಟೆಲ್’ ಎಂದು ಹಾಕುವ ರೂಢಿಯೂ ನಮ್ಮ ಕಡೆ ಬಹಳ; ಅಲ್ಲಿ ರೂಮು ಸಿಗುವುದಿಲ್ಲವಾದರೆ ಅದು ‘ರೆಸ್ಟೋರೆಂಟ್’ ಅಥವಾ, ನಿಂತು ತಿನ್ನುವ ದರ್ಶಿನಿಯಾದರೆ, ‘ಫಾಸ್ಟ್_ಫುಡ್’.

ನಿಮ್ಮ ಗುಂಪು ಈಗ ಏನು ಮಾಡಬೇಕು? ಆನ್‌ಲೈನ್ ವಾದ ನಿಲ್ಲಿಸಿ, ಎಲ್ಲರೂ ಸೇರಿ ಒಂದು ದೊಡ್ಡ ಕೆರೆ, ಒಂದು ಒಣಗಿದ ಕೆರೆ, ಒಂದು ಗೋಕಟ್ಟೆ ನೋಡಿಬನ್ನಿ. ಸಾಧ್ಯವಾದರೆ ನೀರಗಂಟಿಯನ್ನೋ ಅವರ ಮನೆಯ ಹಿರಿಯರನ್ನೋ ಮಾತಾಡಿಸಿ. ಎಷ್ಟು ತೂಬು, ಕೋಡಿ ಎತ್ತ ಹರಿಯುತ್ತದೆ ಎಂಬುದನ್ನು ಯಾವ ಉಪಗ್ರಹ ಚಿತ್ರವೂ ಅವರಷ್ಟು ಚೆನ್ನಾಗಿ ಹೇಳದು. ಪ್ರತಿ ಅಂಗದ ಫೋಟೊ ತೆಗೆಯಿರಿ, ಪಕ್ಕದಲ್ಲಿ ಟ್ಯಾಗ್ ಬರೆಯಿರಿ, ಅದನ್ನು ವಿಕಿಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಪುಟ ಮಾಡಿ. ಭಾರತದ ಮ್ಯಾಪರ್‌ಗಳ ಗುಂಪಿನಲ್ಲಿ ಹಂಚಿ, ತಮಿಳುನಾಡು, ಆಂಧ್ರದವರನ್ನೂ ಕೇಳಿ. ಒಪ್ಪದವರ ಕಾರಣವನ್ನೂ ಆ ಪುಟದಲ್ಲೇ ದಾಖಲಿಸಿ. ಇಲ್ಲದಿದ್ದರೆ ಮುಂದಿನ ವರ್ಷ ಹೊಸಬರು ಅದೇ ವಾದವನ್ನು ಮೊದಲಿನಿಂದ ತೆಗೆಯುತ್ತಾರೆ. ಪ್ರತಿ ಚೇಂಜ್‌ಸೆಟ್‌ನ (ಒಂದು ಸಲಕ್ಕೆ ಕಳಿಸಿದ ತಿದ್ದುಪಡಿಗಳ ಗುಂಪು) ಟಿಪ್ಪಣಿಯಲ್ಲಿ ಪುಟದ ಕೊಂಡಿ ಹಾಕಿ.

ಹೆಸರಿನ ಬಗ್ಗೆಯೂ ಅಲ್ಲೇ ಬರೆದುಬಿಡಿ. ಹೆಸರು ಗೊತ್ತಿಲ್ಲದ ಕೆರೆಗೆ ‘ನೇಮ್=ಕೆರೆ’ ಎಂದೋ ‘ನೇಮ್=ಲೇಕ್’ ಎಂದೋ ತುಂಬುವುದು ನಮ್ಮಲ್ಲಿ ಹೆಚ್ಚು. ಅದು ಹೆಸರಲ್ಲ, ಖಾಲಿ ಬಿಡಿ. ಹೆಸರು ಸಿಕ್ಕಿದಾಗ ಕನ್ನಡ ಲಿಪಿಯಲ್ಲಿ ‘ನೇಮ್:ಕೆಎನ್’ ತಪ್ಪದೆ ಹಾಕಿ. ಕನ್ನಡದಲ್ಲಿ ಹುಡುಕುವವರಿಗೆ ಕೆರೆ ಸಿಗುವುದು ಅದರಿಂದಲೇ. ಎರಡು ಹೆಸರಿದ್ದರೆ ಎರಡಕ್ಕೂ ಜಾಗವಿದೆ. ಚನ್ನಗಿರಿ ತಾಲ್ಲೂಕಿನ ದೊಡ್ಡ ಕೆರೆಗೆ ಫಲಕದಲ್ಲಿ ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ. ಒಂದು ‘ನೇಮ್’ನಲ್ಲಿ, ಇನ್ನೊಂದು ‘ಆಲ್ಟ್_ನೇಮ್’ನಲ್ಲಿ ಇರಲಿ, ಯಾವುದನ್ನೂ ಅಳಿಸುವುದು ಬೇಡ.

ಇನ್ನು ಹಳೆಯದನ್ನು ಒಂದೇ ಸಲಕ್ಕೆ ಬದಲಾಯಿಸುವ ಮಾತು. ತಾಂತ್ರಿಕವಾಗಿ ಅದು ಕೆಲವು ನಿಮಿಷಗಳ ಕೆಲಸ: ನಕ್ಷೆಯ ಡೇಟಾ ಹುಡುಕಿ ತೆಗೆಯುವ ಓವರ್‌ಪಾಸ್ ಸೇವೆಯಲ್ಲಿ ಜಿಲ್ಲೆಯ ‘ವಾಟರ್=ಲೇಕ್’ ಎಲ್ಲವನ್ನೂ ಎಳೆದು, ಜೋಸಮ್‌ನಲ್ಲಿ ಒಟ್ಟಿಗೆ ಆಯ್ದು, ವ್ಯಾಲ್ಯೂ ಬದಲಾಯಿಸಿ ಕಳಿಸುವುದು. ಬೇಡ ಎನ್ನಲು ಎರಡು ಕಾರಣ. ಇಂಥ ಯಾಂತ್ರಿಕ ಬದಲಾವಣೆಗೆ ಮುಂಚೆ ಸಮುದಾಯದಲ್ಲಿ ಚರ್ಚಿಸಿ, ವಿಧಾನವನ್ನು ದಾಖಲಿಸಬೇಕೆಂಬ ನಿಯಮವಿದೆ. ಅದಿಲ್ಲದೆ ಮಾಡಿದ್ದನ್ನು ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಬಹುದು, ಜಗಳ ಬೆಳೆದರೆ ಇಂಥ ವಿವಾದಗಳನ್ನು ನೋಡಿಕೊಳ್ಳುವ ಡೇಟಾ ವರ್ಕಿಂಗ್ ಗ್ರೂಪ್ ನಡುವೆ ಬರುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಆ ಪಟ್ಟಿಯಲ್ಲಿ ಎಲ್ಲವೂ ಕೆರೆ ಆಗಿರುವುದಿಲ್ಲ. ಕಲ್ಲುಗಣಿಯ ಗುಂಡಿ ಇರುತ್ತದೆ, ಪಾರ್ಕಿನ ಕೊಳ ಇರುತ್ತದೆ, ತುಂಬಿಸಿ ಲೇಔಟ್ ಮಾಡಿದ ಜಾಗ ಇರುತ್ತದೆ. ಒಂದೊಂದನ್ನೂ ತೆರೆದು ನೋಡುವಾಗ ಮಾತ್ರ ಇವು ಕಣ್ಣಿಗೆ ಬೀಳುತ್ತವೆ. ಹೇಗಿದ್ದರೂ ಏರಿ, ಕೋಡಿ ಸೇರಿಸಲು ಪ್ರತಿ ಕೆರೆಯನ್ನೂ ಮುಟ್ಟಲೇಬೇಕು. ಆಗಲೇ ಟ್ಯಾಗ್ ಸರಿಮಾಡಿ.

ಪೂರ್ತಿ ಮುಚ್ಚಿಹೋದ ಕೆರೆಗಳನ್ನು ಈ ನಕ್ಷೆಯಲ್ಲಿ ನೀರಾಗಿ ಬಿಡಿಸಬೇಡಿ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಅಂಥವಕ್ಕೆ ಓಪನ್‌ಹಿಸ್ಟಾರಿಕಲ್‌ಮ್ಯಾಪ್ ಎಂಬ ಬೇರೆ ಯೋಜನೆಯಿದೆ, ಅಲ್ಲಿ ವರ್ಷಗಳನ್ನು ನಮೂದಿಸಿ ಸೇರಿಸಿ.

ಆದರೆ ನಿಮ್ಮಲ್ಲಿ ಅಳಿಸಿಹೋದದ್ದು ಅಂಥ ಕೆರೆಯಲ್ಲ, ಬೇಸಿಗೆಯಲ್ಲಿ ಒಣಗಿದ ಕೆರೆ. ಅದನ್ನು ಹೊಸದಾಗಿ ಬಿಡಿಸಬೇಡಿ. ಅಳಿಸಿದವರ ಚೇಂಜ್‌ಸೆಟ್ ಹುಡುಕಿ, ಅಲ್ಲೇ ಒಂದು ಸೌಜನ್ಯದ ಟಿಪ್ಪಣಿ ಬರೆಯಿರಿ: ಇದು ಮಳೆಗಾಲದಲ್ಲಿ ತುಂಬುವ ಕೆರೆ, ಏರಿ ಮತ್ತು ತೂಬು ಸ್ಥಳದಲ್ಲಿವೆ, ಫೋಟೊ ಇಲ್ಲಿದೆ, ಮರಳಿ ತರಬಹುದೇ ಎಂದು. ಹೆಚ್ಚಿನವರು ಒಪ್ಪುತ್ತಾರೆ, ಅವರು ನೋಡಿದ ಚಿತ್ರದಲ್ಲಿ ನಿಜಕ್ಕೂ ನೀರಿರಲಿಲ್ಲ. ಕೆಲವು ದಿನ ಕಾದು, ಜೋಸಮ್‌ನ ರಿವರ್ಟರ್ ಪ್ಲಗಿನ್‌ನಿಂದ ಅದೇ ವಸ್ತುವನ್ನು ಎಬ್ಬಿಸಿ. ಹೀಗೆ ಮಾಡಿದರೆ ಹಳೆಯ ಗುರುತು ಸಂಖ್ಯೆ ಮತ್ತು ಅದನ್ನು ತಿದ್ದಿದವರೆಲ್ಲರ ಇತಿಹಾಸ ಉಳಿಯುತ್ತದೆ. ಆಮೇಲೆ ‘ಇಂಟರ್‌ಮಿಟೆಂಟ್’ ಮತ್ತು ‘ಸೀಸನಲ್’ ಸೇರಿಸಿ, ‘ನೋಟ್’ ಎಂಬ ಕೀಯಲ್ಲಿ ‘ಬೇಸಿಗೆಯಲ್ಲಿ ಒಣಗುತ್ತದೆ, ದಯವಿಟ್ಟು ಅಳಿಸಬೇಡಿ’ ಎಂದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯಿರಿ. ಎಡಿಟರ್‌ನಲ್ಲಿ ಕೆರೆಯ ಮೇಲೆ ಕ್ಲಿಕ್ ಮಾಡಿದ ಯಾರಿಗೇ ಆದರೂ ಉಳಿದ ಟ್ಯಾಗ್‌ಗಳ ಜೊತೆಗೇ ಅದು ಕಾಣುತ್ತದೆ.